49 ಆಂಪಿಯರ್ ಎಂದರೆ ನಿಜಕ್ಕೂ ಎಷ್ಟು?

ರೋಹಿಣಿ ಮಳೆ ಹತ್ತಿರವಾಗುತ್ತಿದ್ದಂತೆ ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ಬೆನ್ನಿಗೆ ಹೊರುವ ಬ್ಯಾಟರಿ ಸ್ಪ್ರೇಯರ್‌ಗಳು ಒಂದರ ಹಿಂದೊಂದು ಬರತೊಡಗುತ್ತವೆ. ಎತ್ತರದ ಅಡಿಕೆ ಮರಕ್ಕೆ ಔಷಧಿ ಹೊಡೆಯುವುದು ಕೊನೆಗಾರರ ಕೆಲಸ, ಅದಕ್ಕೆ ದೊಡ್ಡ ಪಂಪೇ ಬೇಕು. ಕಾಳುಮೆಣಸಿನ ಬಳ್ಳಿಗೆ, ಸಸಿ ತೋಟಕ್ಕೆ ಈ 12 ವೋಲ್ಟಿನ ಪುಟ್ಟ ಪಂಪು ಸಾಕು. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಬೀಳದಿದ್ದರೆ ಬಳ್ಳಿಯ ಗತಿ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಆ ದಿನಗಳಲ್ಲಿ ಬರುವ ಪ್ರತಿಯೊಬ್ಬರಿಗೂ ಅವಸರ.

ಹೊಸನಗರ ಕಡೆಯ ತೋಟಗಾರರೊಬ್ಬರು ಒಂದೇ ವಾರದಲ್ಲಿ ಎರಡನೆಯ ಸಲ ಬಂದಿದ್ದರು. ಮೊದಲ ಸಲ ಅವರ ಸ್ಪ್ರೇಯರಿನ ವೇಗ ನಿಯಂತ್ರಣದ ಬೋರ್ಡ್ ಕೆಟ್ಟಿತ್ತು. ನನ್ನೊಡನೆ ಕೆಲಸ ಕಲಿಯುತ್ತಿರುವ ಹುಡುಗ ಅದಕ್ಕೆ ಹೊಸ ಬೋರ್ಡನ್ನೇ ಕಟ್ಟಿಕೊಟ್ಟಿದ್ದ. ಈಗ ಅದೂ ಸುಟ್ಟಿತ್ತು. ಮೋಟರಿನ ಕರೆಂಟನ್ನು ಬಿಡುವ, ತಡೆಯುವ ಟ್ರಾನ್ಸಿಸ್ಟರಿನ ಕಪ್ಪು ಮೈಯಲ್ಲಿ ಸಾಸಿವೆ ಕಾಳಿನಷ್ಟು ತೂತು, ತೂತಿನ ಅಂಚಿನಲ್ಲಿ ಬೂದು ಬಣ್ಣದ ಪುಡಿ, ಕೆಳಗೆ ಬೋರ್ಡಿನ ಹಸಿರು ಬಣ್ಣ ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು.

"ನಾಡಿದ್ದು ಔಷಧಿ ಹೊಡೆಯಲು ಆಳುಗಳಿಗೆ ಹೇಳಿಯಾಗಿದೆ. ಈ ಸಲವಾದರೂ ನಿಲ್ಲುವ ಹಾಗೆ ಮಾಡಿಕೊಡಿ" ಎಂದರು ಅವರು. ಅವರು ಹೋದ ಮೇಲೆ ಹುಡುಗ ಕೇಳಿದ: "ಅಣ್ಣಾ, ಇದು ಐಆರ್‌ಎಫ್‌ಜೆಡ್44ಎನ್. ಡೇಟಾ ಶೀಟಿನ ಮೊದಲ ಪುಟದಲ್ಲೇ 49 ಆಂಪಿಯರ್ ಎಂದು ಬರೆದಿದೆ. ಮೋಟರು ತೆಗೆದುಕೊಳ್ಳುವುದು ಮೂರೇ ಆಂಪಿಯರ್. ಹದಿನಾರು ಪಟ್ಟು ದೊಡ್ಡದನ್ನು ಹಾಕಿದರೂ ಸುಟ್ಟಿತು ಎಂದರೆ ಮಾಲೇ ನಕಲಿ ಇರಬೇಕಲ್ಲವೇ?"

ಮಾಲು ನಕಲಿಯಾಗಿರಲಿಲ್ಲ. ಅವನ ಪ್ರಶ್ನೆ ಮಾತ್ರ ಸರಿಯಾದದ್ದೇ. ಮೋಟರಿಗೆ ಟ್ರಾನ್ಸಿಸ್ಟರ್ ಆರಿಸುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಅದಕ್ಕೆ ಬಿಡಿಸಿ ಉತ್ತರ ಬರೆಯುತ್ತಿದ್ದೇನೆ.

ಆ ಸಂಖ್ಯೆ ಎಲ್ಲಿಂದ ಬಂತು

ತಯಾರಕರು ಕೊಡುವ ವಿವರದ ಹಾಳೆಯಾದ ಡೇಟಾ ಶೀಟಿನಲ್ಲಿ 49 ಆಂಪಿಯರ್ ಎಂಬ ಸಾಲಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಇರುತ್ತದೆ: ಟ್ರಾನ್ಸಿಸ್ಟರಿನ ಲೋಹದ ಬೆನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವಾಗ. ಗಮನಿಸಿ, ಸುತ್ತಲ ಗಾಳಿ 25 ಡಿಗ್ರಿ ಇದ್ದರೆ ಸಾಲದು, ಬೆನ್ನೇ 25 ಡಿಗ್ರಿ ಇರಬೇಕು. ಒಳಗೆ ಉರಿಯುತ್ತಿರುವ ಟ್ರಾನ್ಸಿಸ್ಟರಿನ ಬೆನ್ನನ್ನು 25 ಡಿಗ್ರಿಯಲ್ಲೇ ಹಿಡಿದಿಡಬೇಕಾದರೆ ಅದನ್ನು ಹರಿಯುವ ತಣ್ಣೀರಿನಿಂದ ತಂಪಾಗಿಸುವ ಲೋಹದ ದಿಮ್ಮಿಗೆ ಬಿಗಿಯಬೇಕು. ತೋಟದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಅದು ಆಗುವ ಮಾತಲ್ಲ. ಅದೇ ಡೇಟಾ ಶೀಟಿನ ಮುಂದಿನ ಸಾಲು ನೋಡಿ: ಬೆನ್ನು 100 ಡಿಗ್ರಿಗೆ ಏರಿದರೆ 49 ಹೋಗಿ 35 ಆಂಪಿಯರ್ ಆಗುತ್ತದೆ. ಟ್ರಾನ್ಸಿಸ್ಟರ್ ಅದೇ, ಒಳಗಿನ ಸಿಲಿಕಾನ್ ಅದೇ. ಬೆನ್ನು ಬಿಸಿಯಾದದ್ದಕ್ಕೇ 14 ಆಂಪಿಯರ್ ಕರಗಿಹೋಯಿತು.

ಅಂದರೆ ಆ ಸಂಖ್ಯೆ ಮೂಲದಲ್ಲಿ ಕರೆಂಟಿನದಲ್ಲ, ಶಾಖದ್ದು. ಲೆಕ್ಕ ಹಾಕಿ ನೋಡೋಣ. ಈ ಟ್ರಾನ್ಸಿಸ್ಟರ್ ಮಾಸ್ಫೆಟ್ ಎಂಬ ಜಾತಿಯದು, ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಕೊಟ್ಟರೆ ಬಾಗಿಲಿನಂತೆ ತೆರೆಯುತ್ತದೆ. ಪೂರ್ತಿ ತೆರೆದಾಗಲೂ ಅದರೊಳಗೆ 17.5 ಮಿಲಿಓಮ್‌ನಷ್ಟು ರೋಧ ಉಳಿಯುತ್ತದೆ. ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಬಂದದ್ದನ್ನು ರೋಧದಿಂದ ಗುಣಿಸಿದರೆ ಎಷ್ಟು ವಾಟ್ ಶಾಖ ಹುಟ್ಟುತ್ತದೆ ಎಂಬುದು ಸಿಗುತ್ತದೆ. 49ರ ವರ್ಗ 2401, ಅದಕ್ಕೆ 0.0175 ಗುಣಿಸಿದರೆ 42 ವಾಟ್. ಸಿಲಿಕಾನ್ ಕಾದಂತೆ ಈ ರೋಧವೂ ಏರುತ್ತದೆ, ಗರಿಷ್ಠ ಉಷ್ಣತೆಗೆ ಬರುವ ಹೊತ್ತಿಗೆ ಎರಡು ಪಟ್ಟನ್ನೂ ಮೀರುತ್ತದೆ. ಆಗ ಶಾಖ 90 ವಾಟ್ ದಾಟುತ್ತದೆ. ಡೇಟಾ ಶೀಟಿನಲ್ಲಿರುವ ಗರಿಷ್ಠ ಶಕ್ತಿ ಎಷ್ಟು? 94 ವಾಟ್. ಒಂದು ವಾಟ್‌ಗೆ ಸುಮಾರು 1.5 ಡಿಗ್ರಿಯಂತೆ ಒಳಗಿನ ಉಷ್ಣತೆ ಬೆನ್ನಿಗಿಂತ 141 ಡಿಗ್ರಿ ಮೇಲೇರುತ್ತದೆ. ಬೆನ್ನಿನ 25 ಸೇರಿಸಿದರೆ 166. ಈ ಸಿಲಿಕಾನಿನ ಗಡಿ 175. ತಯಾರಕರು 49 ಎಂಬಲ್ಲಿಗೆ ಬಂದದ್ದು ಹೀಗೆ: ಒಳಗಿನ ಚೂರು ಸಾಯುವ ಗಡಿಯ ಅಂಚಿಗೆ ಬರುವ ತನಕ ಕರೆಂಟ್ ಏರಿಸಿ, ಅಲ್ಲಿ ನಿಲ್ಲಿಸಿದ್ದಾರೆ.

94 ವಾಟ್ ಎಂದರೆ ಎಷ್ಟೆಂದು ಕೈಗೆ ಗೊತ್ತಾಗಬೇಕಾದರೆ ಸೋಲ್ಡರಿಂಗ್ ಐರನ್ ನೆನಪಿಸಿಕೊಳ್ಳಿ. ಸಾಮಾನ್ಯ ಐರನ್ 25 ವಾಟ್‌ನದು, ಅದರ ತುದಿ ಸೀಸವನ್ನು ಕರಗಿಸುತ್ತದೆ. ಅಂಥ ನಾಲ್ಕು ಐರನ್‌ಗಳಲ್ಲಿ ಇರುವಷ್ಟು ಶಾಖ ಹೆಬ್ಬೆರಳಿನ ಉಗುರಿಗಿಂತ ಸಣ್ಣ ಚೂರಿನಲ್ಲಿ ಹುಟ್ಟುತ್ತದೆ ಎಂದು ಆ ಸಾಲು ಹೇಳುತ್ತಿದೆ.

ಶಾಖ ಹೋಗುವ ದಾರಿ

ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಆಷಾಢದ ಮಳೆಯಲ್ಲಿ ನಾಲ್ಕೂ ಕಡೆಯ ಸೂರಿನ ನೀರು ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ಮೂಲೆಯ ತೂಬಿನಿಂದ ಅದು ಹೊರಗೆ ಹೋಗಬೇಕು. ಬೀಳುವ ನೀರಿನಷ್ಟೇ ನೀರು ಹೊರಹೋಗುವ ಮಟ್ಟಕ್ಕೆ ಬರುವ ತನಕ ತೊಟ್ಟಿಯ ನೀರು ಏರುತ್ತಲೇ ಇರುತ್ತದೆ, ಆ ಮಟ್ಟದಲ್ಲಿ ನಿಲ್ಲುತ್ತದೆ. ತೂಬು ದೊಡ್ಡದಿದ್ದರೆ ಪಾದ ಮುಳುಗುವಷ್ಟಕ್ಕೇ ನಿಂತೀತು. ಸಣ್ಣದಿದ್ದರೆ ಜಗುಲಿಗೇ ಏರೀತು. ಇನ್ನೊಂದು ಸಂಗತಿ: ತೂಬು ಎಷ್ಟೇ ದೊಡ್ಡದಿರಲಿ, ಹಿತ್ತಿಲ ಬಸಿಗಾಲುವೆ ಕಸ ತುಂಬಿ ಕಟ್ಟಿಕೊಂಡಿದ್ದರೆ ನೀರು ಮನೆಯೊಳಗೇ ನಿಲ್ಲುತ್ತದೆ.

ಟ್ರಾನ್ಸಿಸ್ಟರಿನಲ್ಲಿ ಬೀಳುವ ಮಳೆ ವಾಟ್, ನೀರಿನ ಮಟ್ಟ ಉಷ್ಣತೆ. ದಾರಿಯ ಇಕ್ಕಟ್ಟಿಗೆ ಉಷ್ಣರೋಧ ಎಂದು ಹೆಸರು, ಅಳತೆ ಒಂದು ವಾಟ್‌ಗೆ ಇಷ್ಟು ಡಿಗ್ರಿ ಎಂದು. ಸಿಲಿಕಾನ್ ಚೂರಿನಿಂದ ಲೋಹದ ಬೆನ್ನಿನ ತನಕ ತೂಬು ಅಗಲವಾಗಿಯೇ ಇದೆ, ವಾಟ್‌ಗೆ 1.5 ಡಿಗ್ರಿ. ಬೆನ್ನಿನಿಂದ ಗಾಳಿಗೆ ಹೋಗುವ ಬಸಿಗಾಲುವೆಯನ್ನು ಅಗೆಯಬೇಕಾದವರು ನಾವು, ಬೆನ್ನಿಗೆ ಬಿಗಿಯುವ ಲೋಹದ ತುಂಡು, ಅದೇ ಹೀಟ್ ಸಿಂಕ್. ಅದನ್ನು ಹಾಕದೇ ಟ್ರಾನ್ಸಿಸ್ಟರನ್ನು ಬೋರ್ಡಿನ ಮೇಲೆ ಒಂಟಿಯಾಗಿ ನಿಲ್ಲಿಸಿದರೆ ಚೂರಿನಿಂದ ಗಾಳಿಯ ತನಕದ ಒಟ್ಟು ಉಷ್ಣರೋಧ ವಾಟ್‌ಗೆ 62 ಡಿಗ್ರಿ. ಈ 62 ಎಂಬ ಸಂಖ್ಯೆಯೂ ಡೇಟಾ ಶೀಟಿನಲ್ಲೇ ಇದೆ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತ್ಯಂತ ಉಪಯುಕ್ತವಾದ ಸಂಖ್ಯೆ ಅದೇ. 49 ಆಂಪಿಯರ್ ನೋಡುವ ಮೊದಲು ಅದನ್ನು ನೋಡಬೇಕು.

ಅದರಿಂದ ಸಿಗುವ ಲೆಕ್ಕ ಸರಳ. ಡಬ್ಬಿಯೊಳಗಿನ ಗಾಳಿ 50 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಡಬ್ಬಿಗೆ ಅದು ಹೆಚ್ಚೇನಲ್ಲ. 175ರ ಅಂಚಿನ ತನಕ ಹೋಗದೆ 125ಕ್ಕೆ ನಿಲ್ಲಿಸೋಣ. ಉಳಿದದ್ದು 75 ಡಿಗ್ರಿ. 75ನ್ನು 62ರಿಂದ ಭಾಗಿಸಿದರೆ 1.2 ವಾಟ್. ಹೀಟ್ ಸಿಂಕ್ ಇಲ್ಲದ ಈ 94 ವಾಟ್ ಟ್ರಾನ್ಸಿಸ್ಟರ್ ನಮ್ಮ ತೋಟದಲ್ಲಿ ನೆಮ್ಮದಿಯಿಂದ ತಾಳುವುದು ಸುಮಾರು ಒಂದೂಕಾಲು ವಾಟ್ ಅಷ್ಟೇ.

ಹಾಗಿದ್ದರೂ ಹುಡುಗನ ಮೂರು ಆಂಪಿಯರ್ ಅದಕ್ಕೆ ಭಾರವೇ ಅಲ್ಲ. 3ರ ವರ್ಗ 9, ಅದಕ್ಕೆ 0.0175 ಗುಣಿಸಿದರೆ 0.16 ವಾಟ್. 62ರಿಂದ ಗುಣಿಸಿದರೆ ಹತ್ತೇ ಹತ್ತು ಡಿಗ್ರಿ ಏರಿಕೆ. ಕೈಯಲ್ಲಿ ಹಿಡಿದರೆ ಬಿಸಿಯೇ ತಿಳಿಯದು. ಮತ್ತೆ ಸುಟ್ಟದ್ದು ಹೇಗೆ?

ಅರ್ಧ ತೆರೆದ ಬಾಗಿಲು

ಅದೇ ಬೋರ್ಡಿಗೆ ಹೊಸ ಟ್ರಾನ್ಸಿಸ್ಟರ್ ಹಾಕಿ, ವೇಗದ ಗುಂಡಿಯನ್ನು ಪೂರ್ತಿ ತಿರುಗಿಸಿ, ಮೀಟರ್ ಹಿಡಿದೆ. ಮೋಟರಿನ ಕರೆಂಟ್ ಒಳಬರುವ ಡ್ರೇನ್ ಮತ್ತು ಹೊರಹೋಗುವ ಸೋರ್ಸ್ ಎಂಬ ಕಾಲುಗಳ ನಡುವೆ 1.1 ವೋಲ್ಟ್. ಪೂರ್ತಿ ತೆರೆದಿದ್ದರೆ ಅಲ್ಲಿ 0.05 ವೋಲ್ಟ್ ಇರಬೇಕಿತ್ತು. ಮೂರು ಆಂಪಿಯರ್‌ಗೆ 1.1 ವೋಲ್ಟ್ ಎಂದರೆ 3.3 ವಾಟ್. 62ರಿಂದ ಗುಣಿಸಿದರೆ 205 ಡಿಗ್ರಿ ಏರಿಕೆ. ಅದೇ ಟ್ರಾನ್ಸಿಸ್ಟರ್, ಅದೇ ಮೋಟರು. ಒಂದು ಲೆಕ್ಕದಲ್ಲಿ ಹತ್ತು ಡಿಗ್ರಿ, ಇನ್ನೊಂದರಲ್ಲಿ ಇನ್ನೂರು ದಾಟಿದೆ.

ಗೇಟಿಗೆ ಮೀಟರ್ ಇಟ್ಟಾಗ ಕಾರಣ ಸಿಕ್ಕಿತು: 4.1 ವೋಲ್ಟ್. ಹುಡುಗ ಬೋರ್ಡಿಗೆ ಆದೇಶ ಕೊಡುವ ಪುಟ್ಟ ಚಿಪ್ಪಾದ ಮೈಕ್ರೋಕಂಟ್ರೋಲರಿನ 5 ವೋಲ್ಟಿನ ಪಿನ್ನಿನಿಂದ ಗೇಟಿಗೆ 2.2 ಕಿಲೋಓಮ್ ಹಾಕಿದ್ದ. ಗೇಟಿನಿಂದ ನೆಲಕ್ಕೆ 10 ಕಿಲೋಓಮ್ ಹಾಕಿದ್ದ. ಎರಡೂ ಇರಬೇಕಾದ ರೆಸಿಸ್ಟರ್‌ಗಳೇ. ಆದರೆ ಹಾಗೆ ಜೋಡಿಸಿದಾಗ ಅವು ವೋಲ್ಟೇಜನ್ನು ಹಂಚಿಕೊಳ್ಳುತ್ತವೆ, 5 ವೋಲ್ಟ್ ಗೇಟಿಗೆ ತಲುಪುವಾಗ 4.1 ಆಗುತ್ತದೆ. ಈ ಮಾಸ್ಫೆಟ್ ಬಾಗಿಲು ತೆರೆಯಲು ಶುರು ಮಾಡುವುದೇ 2ರಿಂದ 4 ವೋಲ್ಟ್ ನಡುವೆ ಎಲ್ಲೋ ಒಂದು ಕಡೆ, ಒಂದೊಂದು ತುಣುಕಿಗೆ ಒಂದೊಂದು ರೀತಿ. 17.5 ಮಿಲಿಓಮ್ ಎಂಬ ಭರವಸೆ ಇರುವುದು ಗೇಟಿಗೆ 10 ವೋಲ್ಟ್ ಕೊಟ್ಟಾಗ ಮಾತ್ರ. ಇದೂ ಅದೇ ಸಾಲಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇದೆ. ತೆರೆಯಲು ಶುರುವಾಗುವ ವೋಲ್ಟೇಜನ್ನು ಪೂರ್ತಿ ತೆರೆಯುವ ವೋಲ್ಟೇಜ್ ಎಂದು ತಿಳಿಯುವುದು ಮಾಸ್ಫೆಟ್ ಕಲಿಯುವವರ ದೊಡ್ಡ ತಪ್ಪು. ನನ್ನ ಮೇಜಿನ ಮೇಲೆ ಸತ್ತು ಮಲಗಿದ ಮಾಸ್ಫೆಟ್‌ಗಳಲ್ಲಿ ಹೆಚ್ಚಿನವು ಇದಕ್ಕೇ ಬಲಿಯಾದವು.

5 ವೋಲ್ಟಿನಲ್ಲೇ ಪೂರ್ತಿ ತೆರೆಯಬೇಕಾದರೆ ಅದಕ್ಕೆಂದೇ ಮಾಡಿದ ಜಾತಿ ಇದೆ. ಐಆರ್‌ಎಲ್‌ಜೆಡ್44ಎನ್ ಅಂಥದ್ದು. ಹೆಸರಿನಲ್ಲಿ ಎಫ್ ಇದ್ದ ಜಾಗಕ್ಕೆ ಎಲ್ ಬಂದಿದೆ, ಅಷ್ಟೇ ವ್ಯತ್ಯಾಸ ಕಾಣುತ್ತದೆ. ಆದರೆ ಅದು 5 ವೋಲ್ಟಿಗೇ 25 ಮಿಲಿಓಮ್‌ಗೆ ಇಳಿಯುತ್ತದೆ. ಅಂಗಡಿಯಲ್ಲಿ ಕೇಳುವಾಗ ಆ ಒಂದು ಅಕ್ಷರವನ್ನು ಒತ್ತಿ ಹೇಳಿ.

ಮೋಟರಿನ ನಿಜವಾದ ಹಸಿವು

ಅರ್ಧ ತೆರೆದ ಬಾಗಿಲು ಟ್ರಾನ್ಸಿಸ್ಟರನ್ನು ಕಾಯಿಸಿತು. ಮೈಯಲ್ಲಿ ತೂತು ಬೀಳುವಂತೆ ಕೊಂದದ್ದು ಬೇರೆ. ಅದು ತಿಳಿಯಬೇಕಾದರೆ ಮೋಟರಿನ ಸ್ವಭಾವ ತಿಳಿಯಬೇಕು.

ತಿರುಗುವ ಮೋಟರು ತಾನೇ ಒಂದು ಡೈನಮೋ. ತಿರುಗಿದಂತೆ ಅದು ಬ್ಯಾಟರಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸುತ್ತದೆ, ಆ ಎದುರು ವೋಲ್ಟೇಜೇ ಕರೆಂಟನ್ನು ಹಿಡಿದಿಡುವುದು. ಮೋಟರು ನಿಂತಿದ್ದಾಗ ಆ ತಡೆ ಇಲ್ಲ, ಇರುವುದು ತಾಮ್ರದ ಸುರುಳಿಯ ರೋಧ ಮಾತ್ರ. ಹಾಗಾಗಿ ಹೊರಡುವ ಕ್ಷಣದಲ್ಲಿ, ಹಾಗೂ ಸಿಕ್ಕಿಹಾಕಿಕೊಂಡಾಗ, ಮೋಟರು ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಲೇಬಲ್ಲಿನ ಮೇಲೆ ಬರೆದಿರುವುದು ಓಡುವಾಗಿನ ಕರೆಂಟ್.

ಸಿಕ್ಕಿಕೊಂಡಾಗಿನ ಕರೆಂಟನ್ನು ಅಳೆಯುವ ನನ್ನ ಕ್ರಮ ಹೀಗೆ. ಸಾಮಾನ್ಯ ಮೀಟರಿನ ಓಮ್ ಅಳತೆಯನ್ನು ಇಲ್ಲಿ ನಂಬಬಾರದು, ಮೀಟರಿನ ವೈರುಗಳ ರೋಧವೇ ಲೆಕ್ಕ ಕೆಡಿಸುತ್ತದೆ. 55 ವಾಟ್‌ನ ಹ್ಯಾಲೊಜೆನ್ ಹೆಡ್‌ಲೈಟ್ ಬಲ್ಬೊಂದನ್ನು ಮೋಟರಿನೊಡನೆ ಸರಣಿಯಲ್ಲಿ ಜೋಡಿಸುತ್ತೇನೆ. ಮೋಟರಿನ ದಂಡವನ್ನು ಇಕ್ಕಳದಿಂದ ಬಿಗಿ ಹಿಡಿದು ಬ್ಯಾಟರಿ ಕೊಡುತ್ತೇನೆ. ಬಲ್ಬ್ ಮಂದವಾಗಿ ಉರಿಯುತ್ತದೆ, ಕರೆಂಟ್ ಹದ್ದು ಮೀರುವುದಿಲ್ಲ. ಆ ಸ್ಪ್ರೇಯರಿನಲ್ಲಿ 3.9 ಆಂಪಿಯರ್ ಹರಿಯುವಾಗ ಮೋಟರಿನ ತುದಿಗಳ ನಡುವೆ 3.1 ವೋಲ್ಟ್ ಸಿಕ್ಕಿತು. ಭಾಗಿಸಿದರೆ 0.8 ಓಮ್. 12 ವೋಲ್ಟನ್ನು 0.8ರಿಂದ ಭಾಗಿಸಿದರೆ 15 ಆಂಪಿಯರ್. ಮೂರು ಆಂಪಿಯರ್ ಮೋಟರು ಎಂದು ನಾವು ಕರೆಯುತ್ತಿದ್ದದ್ದು ಹಸಿದಾಗ ಹದಿನೈದು ಆಂಪಿಯರ್ ಮೋಟರು. ದಂಡವನ್ನು ಬೇರೆ ಬೇರೆ ಕೋನದಲ್ಲಿ ನಿಲ್ಲಿಸಿ ಮೂರ್ನಾಲ್ಕು ಸಲ ಅಳೆದು, ಅತಿ ಕಡಿಮೆ ಓಮ್ ಬಂದದ್ದನ್ನು ಹಿಡಿಯಬೇಕು.

ಈಗ ತೋಟದಲ್ಲಿ ನಡೆದದ್ದನ್ನು ಊಹಿಸುವುದು ಕಷ್ಟವಲ್ಲ. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಸೋಸದಿದ್ದರೆ ಗಸಿ ಪಂಪಿನ ಕವಾಟಕ್ಕೆ ಹೋಗಿ ಕೂರುತ್ತದೆ. ಪಂಪನ್ನು ಬಿಚ್ಚಿದಾಗ ಕವಾಟದಲ್ಲಿ ನೀಲಿ ಬಣ್ಣದ ಗಟ್ಟಿ ಹೆಪ್ಪೇ ಇತ್ತು. ಪಂಪು ಸಿಕ್ಕಿಕೊಂಡಿತು, ಮೋಟರು ನಿಂತಿತು. ಗೇಟ್ ಪೂರ್ತಿ ತೆರೆದಿದ್ದರೆ 15 ಆಂಪಿಯರ್ ಹರಿದು ಟ್ರಾನ್ಸಿಸ್ಟರಿನಲ್ಲಿ ನಾಲ್ಕು ವಾಟ್ ಶಾಖ ಹುಟ್ಟುತ್ತಿತ್ತು, ಒಂದು ಪುಟ್ಟ ಹೀಟ್ ಸಿಂಕ್ ಇದ್ದರೆ ಅದು ತಾಳುತ್ತಿತ್ತು. ಆದರೆ 4.1 ವೋಲ್ಟಿನಲ್ಲಿ ಆ ಮಾಸ್ಫೆಟ್ 15 ಆಂಪಿಯರ್ ಬಿಡಲಾರದು. ಅದು ಆರು ಆಂಪಿಯರ್ ಸುಮಾರಿಗೆ ಕಚ್ಚಿ ನಿಲ್ಲುತ್ತದೆ. ಆರು ಆಂಪಿಯರ್‌ಗೆ ಮೋಟರಿನ ಮೇಲೆ ಉಳಿಯುವುದು 4.8 ವೋಲ್ಟ್, ಮಿಕ್ಕ 7.2 ವೋಲ್ಟ್ ಟ್ರಾನ್ಸಿಸ್ಟರಿನ ತಲೆಯ ಮೇಲೆ. ಗುಣಿಸಿ: 43 ವಾಟ್. ಹೀಟ್ ಸಿಂಕ್ ಇಲ್ಲದ, ಅದಾಗಲೇ ಕಾದು ಕುಳಿತ ತುಣುಕಿಗೆ ಅದು ಕೆಲವೇ ಸೆಕೆಂಡುಗಳ ಆಯುಷ್ಯ. ಕಡಿಮೆ ಕರೆಂಟ್ ಬಿಟ್ಟದ್ದಕ್ಕೇ ಅದು ಸತ್ತಿತು ಎನ್ನುವುದನ್ನು ಹುಡುಗನಿಗೆ ಒಪ್ಪಿಸಲು ಈ ಲೆಕ್ಕವನ್ನು ಎರಡು ಸಲ ಬರೆದು ತೋರಿಸಬೇಕಾಯಿತು.

ಹಳೆಯ ಟ್ರಾನ್ಸಿಸ್ಟರ್‌ಗಳ ಮಾತು

ಮಾಸ್ಫೆಟ್ ಬರುವ ಮೊದಲಿನ ಬೈಪೋಲಾರ್ ಟ್ರಾನ್ಸಿಸ್ಟರ್‌ಗಳು ಇಂದಿಗೂ ನಮ್ಮ ಡಬ್ಬಿಗಳಲ್ಲಿ ಇವೆ. ಹಳೆಯ ಪವರ್ ಸಪ್ಲೈಗಳಿಂದ ಬಿಚ್ಚಿದ 2ಎನ್3055 ಯಾರ ಬಳಿ ಇಲ್ಲ? ಲೋಹದ ಟೋಪಿಯಂಥ ಆ ಟ್ರಾನ್ಸಿಸ್ಟರಿನ ಹಾಳೆಯಲ್ಲಿ 15 ಆಂಪಿಯರ್, 60 ವೋಲ್ಟ್, 115 ವಾಟ್ ಎಂದಿದೆ. ಇವು ಮೂರೂ ಒಟ್ಟಿಗೆ ಸಿಗುತ್ತವೆ ಎಂದು ತಿಳಿಯಬೇಡಿ. 15ನ್ನು 60ರಿಂದ ಗುಣಿಸಿದರೆ 900 ವಾಟ್, ಗಡಿ ಇರುವುದು 115ಕ್ಕೆ. ಒಂದೊಂದೂ ಒಂದೊಂದು ಕಡೆಯ ಬೇಲಿ, ಮೂರೂ ಬೇಲಿಗಳ ಒಳಗಿನ ಜಾಗದಲ್ಲಿ ಮಾತ್ರ ಓಡಾಡಬಹುದು. ಡೇಟಾ ಶೀಟಿನ ಸುರಕ್ಷಿತ ಕಾರ್ಯವಲಯದ ನಕ್ಷೆ ಆ ಜಾಗದ್ದೇ. ಆ 115 ವಾಟ್ ಕೂಡ ಬೆನ್ನು 25 ಡಿಗ್ರಿ ಇದ್ದಾಗಿನದು. ಪ್ರತಿ ಡಿಗ್ರಿಗೆ 0.657 ವಾಟ್ ಕಳೆಯುತ್ತ ಹೋಗಬೇಕು, 100 ಡಿಗ್ರಿಗೆ ಬಂದಾಗ ಉಳಿಯುವುದು 66 ವಾಟ್.

ಬೈಪೋಲಾರಿಗೆ ಇನ್ನೊಂದು ಖರ್ಚು ಇದೆ. ಮಾಸ್ಫೆಟ್ ಗೇಟಿಗೆ ವೋಲ್ಟೇಜ್ ತೋರಿಸಿದರೆ ಸಾಕು, ಬೈಪೋಲಾರಿನಲ್ಲಿ ಗೇಟಿನ ಕೆಲಸ ಮಾಡುವ ಬೇಸ್ ಎಂಬ ಕಾಲಿಗೆ ಕರೆಂಟನ್ನೇ ಉಣಿಸಬೇಕು. ಪೂರ್ತಿ ತೆರೆಯಬೇಕಾದರೆ ಕಲೆಕ್ಟರ್ ಕಾಲಿನಲ್ಲಿ ಹರಿಯುವ ಮೋಟರಿನ ಕರೆಂಟಿನ ಹತ್ತರಲ್ಲಿ ಒಂದು ಪಾಲು ಎಂಬುದು ನಂಬಬಹುದಾದ ಅಂದಾಜು. 2ಎನ್3055ರ ಹಾಳೆಯೂ 4 ಆಂಪಿಯರ್‌ಗೆ 0.4 ಆಂಪಿಯರ್ ಬೇಸ್ ಕರೆಂಟನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಮೂರು ಆಂಪಿಯರ್ ಮೋಟರಿಗೆ 0.3 ಆಂಪಿಯರ್ ಬೇಸಿಗೇ ಬೇಕು. ಸಣ್ಣ ಟ್ರಾನ್ಸಿಸ್ಟರಾದ ಬಿಸಿ547ರ ಗಡಿ 0.1 ಆಂಪಿಯರ್, ಅದು ಈ ಭಾರ ಹೊರಲಾರದು. ನಡುವೆ ಬಿಡಿ139ರಂಥ 1.5 ಆಂಪಿಯರ್‌ನ ಒಬ್ಬ ಸಹಾಯಕ ಬೇಕು. ಮೋಟರು ಸಿಕ್ಕಿಕೊಂಡರೆ ಲೆಕ್ಕ 15 ಆಂಪಿಯರ್‌ಗೆ ಏರುತ್ತದೆ. ಅಷ್ಟು ಬೇಸ್ ಕರೆಂಟ್ ಯಾರೂ ಕೊಟ್ಟಿರುವುದಿಲ್ಲ, ಅಲ್ಲಿಯೂ ಅದೇ ಅರ್ಧ ತೆರೆದ ಬಾಗಿಲಿನ ಕಥೆ.

ಈ ತೊಂದರೆ ತಪ್ಪಿಸಲು ಟಿಪ್122 ಎಂಬ ಡಾರ್ಲಿಂಗ್ಟನ್ ಬಳಸುವವರು ಬಹಳ. ಎರಡು ಟ್ರಾನ್ಸಿಸ್ಟರ್‌ಗಳನ್ನು ಒಂದೇ ಮೈಯಲ್ಲಿ ಹೆಣೆದ ಅದಕ್ಕೆ 12 ಮಿಲಿಆಂಪಿಯರ್ ಬೇಸ್ ಕರೆಂಟ್ ಸಾಕು, 5 ಆಂಪಿಯರ್ ತನಕ ಹೋಗುತ್ತದೆ. ಆದರೆ 3 ಆಂಪಿಯರ್ ಹರಿಯುವಾಗ ಅದು 2 ವೋಲ್ಟ್ ತನಕ ತನ್ನ ಮೇಲೆ ಉಳಿಸಿಕೊಳ್ಳಬಹುದು. ಆರು ವಾಟ್ ಶಾಖ. ಹೀಟ್ ಸಿಂಕ್ ಇಲ್ಲದೆ ಅದರ ಗಡಿ ಎರಡೇ ವಾಟ್. 12 ವೋಲ್ಟ್ ಬ್ಯಾಟರಿಯ ಆರನೆಯ ಒಂದು ಪಾಲು ಬಳ್ಳಿಗೆ ಮುಟ್ಟದೆ ಬಿಸಿಯಾಗಿ ಹೋಗುತ್ತದೆ ಎನ್ನುವುದು ಇನ್ನೂ ಬೇಸರದ ಸಂಗತಿ. ಹೊಸದಾಗಿ ಕಟ್ಟುವವರಿಗೆ ಮೋಟರಿಗೆ ಮಾಸ್ಫೆಟ್ ಹಾಕಿ ಎಂದೇ ನಾನು ಹೇಳುತ್ತೇನೆ.

ಎರಡನ್ನು ಅಕ್ಕಪಕ್ಕ ಜೋಡಿಸಿ ಭಾರ ಹಂಚುವುದಾದರೂ ಮಾಸ್ಫೆಟ್ಟೇ ಅನುಕೂಲ. ಕಾದದ್ದರ ರೋಧ ಏರುವುದರಿಂದ ಕರೆಂಟ್ ತಾನಾಗಿ ತಂಪಾಗಿರುವ ಜೊತೆಗಾರನ ಕಡೆ ಸರಿಯುತ್ತದೆ. ಬೈಪೋಲಾರಿನಲ್ಲಿ ಕಾದದ್ದೇ ಇನ್ನಷ್ಟು ಎಳೆಯುತ್ತದೆ, ಅದಕ್ಕೆ ಪ್ರತಿಯೊಂದರ ಎಮಿಟರ್ ಎಂಬ ಮೂರನೆಯ ಕಾಲಿಗೂ ಸಣ್ಣ ರೆಸಿಸ್ಟರ್ ಹಾಕಬೇಕಾಗುತ್ತದೆ.

ಕೀರಲು ಸದ್ದು ಮತ್ತು ಡಯೋಡ್

ವೇಗ ಇಳಿಸಲು ಟ್ರಾನ್ಸಿಸ್ಟರನ್ನು ಅರ್ಧ ತೆರೆದಿಡುವ ಬದಲು ಪೂರ್ತಿ ತೆರೆದು ಪೂರ್ತಿ ಮುಚ್ಚಿ, ಇದನ್ನೇ ಸೆಕೆಂಡಿಗೆ ನೂರಾರು ಸಲ ಮಾಡುವುದಕ್ಕೆ ಪಿಡಬ್ಲ್ಯೂಎಂ ಎನ್ನುತ್ತೇವೆ. ತೆರೆದಾಗ ಅದರ ಮೇಲೆ ವೋಲ್ಟೇಜ್ ಇಲ್ಲ, ಮುಚ್ಚಿದಾಗ ಕರೆಂಟ್ ಇಲ್ಲ, ಎರಡೂ ಹೊತ್ತಿನಲ್ಲಿ ಶಾಖ ಇಲ್ಲ. ಶಾಖ ಹುಟ್ಟುವುದು ಬಾಗಿಲು ಅಲ್ಲಿಂದಿಲ್ಲಿಗೆ ಸರಿಯುವ ಕ್ಷಣದಲ್ಲಿ. ಸೆಕೆಂಡಿಗೆ 500 ಸಲ ಆದರೆ ಅದು ಗಣನೆಗೆ ಬರದು. ಆದರೆ 500ರಲ್ಲಿ ಮೋಟರು ಕೀರಲು ಸದ್ದು ಮಾಡುತ್ತದೆ. ಸದ್ದು ಕೇಳದಿರಲಿ ಎಂದು 20,000ಕ್ಕೆ ಏರಿಸಿದರೆ ಒಂದೊಂದು ಸುತ್ತಿಗೆ 50 ಮೈಕ್ರೋಸೆಕೆಂಡ್ ಮಾತ್ರ. ಹುಡುಗ ಹಾಕಿದ್ದ 2.2 ಕಿಲೋಓಮ್ ಮೂಲಕ ಗೇಟ್ ತುಂಬಿ ಬಾಗಿಲು ಸರಿಯಲು ಇಪ್ಪತ್ತಕ್ಕೂ ಹೆಚ್ಚು ಮೈಕ್ರೋಸೆಕೆಂಡ್ ಬೇಕು, ಮುಚ್ಚಲು ಮತ್ತೆ ಅಷ್ಟು. ಸುತ್ತಿನ ಬಹುಪಾಲು ಬಾಗಿಲು ನಡುದಾರಿಯಲ್ಲೇ. ಹತ್ತು ಹದಿನೈದು ವಾಟ್ ಅಲ್ಲೇ ಹುಟ್ಟುತ್ತದೆ. ವೇಗದ ಸ್ವಿಚಿಂಗ್ ಬೇಕಿದ್ದರೆ ಗೇಟಿಗೆ ಗಟ್ಟಿ ಕೈಯ ಡ್ರೈವರ್ ಬೇಕು. ಇಲ್ಲವಾದರೆ ಕೀರಲು ಸದ್ದನ್ನು ಸಹಿಸಿಕೊಳ್ಳುವುದೇ ಲೇಸು. ತೋಟದಲ್ಲಿ ಅದನ್ನು ಕೇಳಿ ಬೇಸರಿಸುವವರು ಯಾರು?

ಟ್ರಾನ್ಸಿಸ್ಟರ್ ಮುಚ್ಚಿದ ಕೂಡಲೇ ಮೋಟರಿನ ಸುರುಳಿಯ ಕರೆಂಟ್ ನಿಲ್ಲುವುದಿಲ್ಲ. ಅದಕ್ಕೆ ದಾರಿ ಕೊಡದಿದ್ದರೆ ವೋಲ್ಟೇಜ್ ಏರಿ ಟ್ರಾನ್ಸಿಸ್ಟರಿನ 55 ವೋಲ್ಟ್ ಬೇಲಿಯನ್ನೇ ಒಡೆಯುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಮೋಟರಿಗೆ ಅಡ್ಡಲಾಗಿ ಹಾಕುವುದು ಇದಕ್ಕೇ. ಅಲ್ಲಿ ಕೈಗೆ ಸಿಕ್ಕಿದ 1ಎನ್4007 ಹಾಕುವ ರೂಢಿ ಇದೆ. ರಿಲೇಗಾದರೆ ಅದು ಸರಿ. ಪಿಡಬ್ಲ್ಯೂಎಂ ಮೋಟರಿಗೆ ಸಲ್ಲದು. ಅದರ ಗಡಿ 1 ಆಂಪಿಯರ್. ಅರ್ಧ ವೇಗದಲ್ಲಿ ಮೋಟರಿನ ಮೂರು ಆಂಪಿಯರ್ ಅರ್ಧ ಹೊತ್ತು ಡಯೋಡಿನಲ್ಲೇ ಹರಿಯುತ್ತದೆ, ಸರಾಸರಿ ಒಂದೂವರೆ ಆಂಪಿಯರ್. ಮೇಲಾಗಿ ಅದು ಮುಚ್ಚಿಕೊಳ್ಳುವುದು ನಿಧಾನ, ಆ ನಿಧಾನದ ಪೆಟ್ಟು ಬೀಳುವುದು ಟ್ರಾನ್ಸಿಸ್ಟರಿಗೆ. ಬೇಗ ಮುಚ್ಚಿಕೊಳ್ಳುವ ಷಾಟ್ಕಿ ಜಾತಿಯ 5 ಆಂಪಿಯರ್, 60 ವೋಲ್ಟ್‌ನ ಎಸ್‌ಆರ್560 ಹಾಕಿದರೆ ಈ ಚಿಂತೆ ಇಲ್ಲ.

ಮೋಟರನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವ ಎಚ್ ಬ್ರಿಡ್ಜ್ ಕಟ್ಟುವವರಿಗೆ ಒಂದೇ ಮಾತು. ಓಡುವ ಮೋಟರನ್ನು ನಿಲ್ಲಿಸದೆ ತಟ್ಟನೆ ತಿರುಗಿಸಿದರೆ ಅದರ ಎದುರು ವೋಲ್ಟೇಜ್ ತಡೆಯಾಗಿ ನಿಲ್ಲದೆ ಬ್ಯಾಟರಿಯ ಜೊತೆ ಸೇರಿಕೊಳ್ಳುತ್ತದೆ. ನಮ್ಮ ಪಂಪಿನ ಮೋಟರಿನಲ್ಲಿ ಅದು 9.6 ವೋಲ್ಟ್. 12ಕ್ಕೆ ಅದನ್ನು ಸೇರಿಸಿ 0.8ರಿಂದ ಭಾಗಿಸಿದರೆ 27 ಆಂಪಿಯರ್. ಸಿಕ್ಕಿಕೊಂಡಾಗಿನದಕ್ಕಿಂತಲೂ ಹೆಚ್ಚು.

ಮಲೆನಾಡಿನ ಡಬ್ಬಿ

ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಂಥ ಊರುಗಳ ನಡುವೆ ಬದುಕುವ ನಮಗೆ ಡಬ್ಬಿಯನ್ನು ಮುಚ್ಚದೆ ವಿಧಿಯಿಲ್ಲ. ಗಾಳಿಗೆ ಕಿಂಡಿ ಬಿಟ್ಟರೆ ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಇರುವೆ, ವರ್ಷವಿಡೀ ಮೈಲುತುತ್ತದ ಹನಿ. ಆದರೆ ಮುಚ್ಚಿದ ಡಬ್ಬಿಯೊಳಗಿನ ಹೀಟ್ ಸಿಂಕ್ ತನ್ನ ಶಾಖವನ್ನು ಡಬ್ಬಿಯ ಗಾಳಿಗೇ ಕೊಟ್ಟು, ಅದೇ ಗಾಳಿಯಲ್ಲಿ ಮತ್ತೆ ತಾನೇ ಬೇಯುತ್ತದೆ. ಬಸಿಗಾಲುವೆ ಇದೆ, ಅದರ ತುದಿ ಮಾತ್ರ ಕಟ್ಟಿದೆ. ಇದಕ್ಕೆ ನಾನು ಮಾಡುವುದು ಇಷ್ಟು: ಡಬ್ಬಿಯ ಒಂದು ಪಕ್ಕಕ್ಕೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡನ್ನೇ ಗೋಡೆಯಾಗಿ ಕೂರಿಸಿ, ಒಳಗಿನಿಂದ ಟ್ರಾನ್ಸಿಸ್ಟರನ್ನು ಅದಕ್ಕೆ ಬಿಗಿಯುತ್ತೇನೆ. ಬೋರ್ಡ್ ಒಣಗಿರುತ್ತದೆ, ತಗಡಿನ ಹೊರಮೈ ಗಾಳಿಗೆ ತೆರೆದಿರುತ್ತದೆ. ಟ್ರಾನ್ಸಿಸ್ಟರಿನ ಬೆನ್ನು ಡ್ರೇನಿಗೇ ಸೇರಿರುವುದರಿಂದ ನಡುವೆ ಅಭ್ರಕದ ಹಾಳೆ, ಎರಡೂ ಕಡೆ ತೆಳುವಾಗಿ ಹೀಟ್ ಸಿಂಕ್ ಪೇಸ್ಟ್, ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ ಬೇಕು. ಪೇಸ್ಟನ್ನು ದೋಸೆಗೆ ಬೆಣ್ಣೆ ಬಳಿದ ಹಾಗೆ ಬಳಿಯಬಾರದು, ಲೋಹ ಲೋಹಕ್ಕೆ ತಾಗದ ಸಣ್ಣ ಗೆರೆಗಳನ್ನು ತುಂಬಿದರೆ ಸಾಕು. ಬಿಗಿದ ಮೇಲೆ ಬೆನ್ನಿಗೂ ತಗಡಿಗೂ ನಡುವೆ ಮೀಟರ್ ಇಟ್ಟು ಸಂಪರ್ಕ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಫ್ಯೂಸ್ ಬಗ್ಗೆಯೂ ಒಂದು ತಪ್ಪು ನಂಬಿಕೆ ಇದೆ. ಫ್ಯೂಸ್ ಟ್ರಾನ್ಸಿಸ್ಟರನ್ನು ಕಾಯುವುದಿಲ್ಲ, ತಂತಿಯನ್ನು ಹಾಗೂ ಬ್ಯಾಟರಿಯನ್ನು ಕಾಯುತ್ತದೆ. 7.5 ಆಂಪಿಯರ್‌ನ ವಾಹನದ ಫ್ಯೂಸ್ 15 ಆಂಪಿಯರ್‌ಗೆ ಕರಗಲು ಕೆಲವೊಮ್ಮೆ ಸೆಕೆಂಡುಗಳನ್ನೇ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಜೀವ ಹಿಡಿದುಕೊಂಡಿರುವುದು ಟ್ರಾನ್ಸಿಸ್ಟರಿನ ಪಾಲಿನ ಕೆಲಸ, ಅದಕ್ಕೆ ಬೇಕಾದ ಶಕ್ತಿಯನ್ನು ಆರಿಸುವಾಗಲೇ ಕೊಡಬೇಕು. ಹಾಗಾಗಿ ಸಿಕ್ಕಿಕೊಂಡಾಗಿನ ಕರೆಂಟನ್ನು ಹಿಡಿದು, ಬೆನ್ನು 100 ಡಿಗ್ರಿ ಇರುವಾಗಿನ ಆಂಪಿಯರ್ ಸಾಲಿನೊಡನೆ ಹೋಲಿಸಿ, ಅದು ಎರಡು ಪಟ್ಟಾದರೂ ಇದ್ದರೆ ನಾನು ಒಪ್ಪುತ್ತೇನೆ. ವೋಲ್ಟೇಜಿಗೂ ಅದೇ: 12 ವೋಲ್ಟಿಗೆ 55 ಧಾರಾಳ, 24ಕ್ಕೆ ನಡೆಯುತ್ತದೆ, 48 ವೋಲ್ಟಿನ ಗಾಡಿಗೆ 100ಕ್ಕೆ ಕಡಿಮೆ ಇಲ್ಲ.

ಹೊಸನಗರದವರ ಬೋರ್ಡನ್ನು ಹುಡುಗನೇ ಮತ್ತೆ ಕಟ್ಟಿದ. ಐಆರ್‌ಎಲ್‌ಜೆಡ್44ಎನ್, ಗೇಟಿಗೆ 220 ಓಮ್, ನೆಲಕ್ಕೆ ಹೋಗುವ 10 ಕಿಲೋಓಮನ್ನು ಪಿನ್ನಿನ ಕಡೆಗೇ ಸರಿಸಿದ. ಷಾಟ್ಕಿ ಡಯೋಡ್, ತಗಡಿನ ಗೋಡೆ, 7.5 ಆಂಪಿಯರ್ ಫ್ಯೂಸ್. ಪೂರ್ತಿ ವೇಗದಲ್ಲಿ ಡ್ರೇನ್ ಮತ್ತು ಸೋರ್ಸ್ ನಡುವೆ 0.08 ವೋಲ್ಟ್ ಬಂತು. ಆಮೇಲೆ ಮೋಟರಿನ ದಂಡವನ್ನು ಇಕ್ಕಳದಲ್ಲಿ ಬಿಗಿ ಹಿಡಿದು ಸ್ವಿಚ್ ಹಾಕಲು ಹೇಳಿದೆ. ಎರಡು ಸೆಕೆಂಡು ಕಳೆಯುವುದರೊಳಗೆ ಫ್ಯೂಸ್ ಹೋಯಿತು. ಹೊಸ ಫ್ಯೂಸ್ ಹಾಕಿ ಇನ್ನೆರಡು ಸಲ ಹಾಗೆಯೇ ಮಾಡಿದೆವು. ಪ್ರತಿ ಸಲವೂ ಹುಡುಗ ತಗಡಿನ ಮೇಲೆ ಅಂಗೈ ಇಟ್ಟು ನೋಡಿದ, ಮೂರನೆಯ ಸಲವೂ ಅದು ಬೆಚ್ಚಗಾಗಿರಲಿಲ್ಲ. ಪಂಪಿನ ಕವಾಟವನ್ನು ಹುಳಿ ನೀರಿನಲ್ಲಿ ತೊಳೆದು ಕೂರಿಸಿ, ಟ್ಯಾಂಕಿನ ಬಾಯಿಗೆ ಎರಡು ಮಡಿಕೆಯ ಬಟ್ಟೆ ಕಟ್ಟಿ ಕೊಟ್ಟೆವು. ಸಂಜೆಯ ಬಸ್ಸಿಗೆ ತೋಟಗಾರರು ಅದನ್ನು ಹೊತ್ತುಕೊಂಡು ಹೊರಟಾಗ ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು.